ಹೊಗೆಯ ಲೆಕ್ಕ, ನೀರಿನ ಲೆಕ್ಕ

(ಚೀಕಲಪರ್ವಿಯಲ್ಲಿ ಹೊಸದಾಗಿ ಓದು ಕಲಿತವರ ಮುಂದೆ ಆಡಿದ ಮಾತು)



ನೀವು ಅಕ್ಷರ ಕಲಿತಿರಿ. ಅಂಕಿಯನ್ನೂ ಕಲಿತಿರಿ. ಕೂಡಿಸೋದು, ಕಳೆಯೋದು, ಗುಣಿಸೋದು, ಭಾಗಿಸೋದು ಈಗ ನಿಮಗೆ ಬರ್ತೈತಿ. ಇವತ್ತು ಎಲ್ಲರೂ ಸೇರಿ ಒಂದು ಲೆಕ್ಕ ಮಾಡೋಣ. ಇದು ಹೊಗೆಯ ಲೆಕ್ಕ.

ಹೊಗೆ ಅಂದ ಕೂಡಲೇ ಒಲೆ ಹೊಗೆ ನೆನಪಾಗುತ್ತದೆ. ಹಸಿ ಕಟ್ಟಿಗೆ ಇಟ್ಟರೆ ಕಣ್ಣು ಉರಿಯುತ್ತದೆ. ಅದು ಕಾಣುವ ಹೊಗೆ. ನಾವು ಹೇಳುವುದು ಕಾಣದ ಹೊಗೆಯ ಮಾತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಲ್ಲಿದ್ದಲು ಸುಟ್ಟರೂ ಅದು ಬರುತ್ತದೆ, ಡೀಸೆಲ್ ಸುಟ್ಟರೂ ಬರುತ್ತದೆ. ಅದಕ್ಕೆ ಇಂಗಾಲಾಮ್ಲ ಅನಿಲ ಅಂತ ಹೆಸರು. ಅನಿಲ ಅಂದರೆ ಗಾಳಿಯಂಥ ವಸ್ತು. 

ಈ ಅನಿಲ ಮೇಲೆ ಹೋಗಿ ಏನು ಮಾಡುತ್ತದೆ? ಚಳಿಗಾಲದಲ್ಲಿ ನಾವು ಕೌದಿ ಹೊದ್ದುಕೊಳ್ಳುತ್ತೇವೆ. ಕೌದಿ ಬಿಸಿ ಮಾಡುವುದಿಲ್ಲ. ನಮ್ಮ ಮೈ ಬಿಸಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೆ. ಭೂಮಿಗೂ ಇಂಥ ಒಂದು ಕೌದಿ ಇದೆ. ಸೂರ್ಯನಿಂದ ಕಾದ ಭೂಮಿ ರಾತ್ರಿ ಹಗಲು ಬಿಸಿಯನ್ನು ಹೊರಗೆ ಬಿಡುತ್ತಿರುತ್ತದೆ. ಇಂಗಾಲಾಮ್ಲ, ನೀರಿನ ಆವಿ, ಇನ್ನು ಕೆಲವು ಅನಿಲಗಳು ಆ ಬಿಸಿಯಲ್ಲಿ ಒಂದಿಷ್ಟನ್ನು ಹಿಡಿದಿಡುತ್ತವೆ. ಈ ಕೌದಿ ಇಲ್ಲದಿದ್ದರೆ ಭೂಮಿ ಮಂಜುಗಡ್ಡೆ ಆಗುತ್ತಿತ್ತು. ಆದ್ದರಿಂದ ಕೌದಿ ಬೇಕು. ಆದರೆ ಬ್ಯಾಸಗಿಯಲ್ಲಿ ಕೌದಿ ಮೇಲೆ ಕೌದಿ ಹೊದಿಸಿದರೆ ಹೆಂಗಾದೀತು? ಈಗ ಆಗುತ್ತಿರುವುದು ಅದೇ.

ಎಷ್ಟು ದಪ್ಪ ಆಗಿದೆ ಅನ್ನುವುದನ್ನು ಅಂಕಿಯಲ್ಲೇ ನೋಡೋಣ. ಹತ್ತು ಲಕ್ಷ ಕಾಳು ಜೋಳ ಅಂದರೆ ಸುಮಾರು 30 ಕಿಲೋ. ಆ ಜೋಳವನ್ನು ಗಾಳಿ ಅಂತ ತಿಳಿಯಿರಿ. ನಿಮ್ಮ ಊರು ವಿಜಯದಾಸರು ಹುಟ್ಟಿದ ಊರು. ದಾಸರು ಬದುಕಿದ್ದು 1682ರಿಂದ 1755ರವರೆಗೆ. ದಾಸರ ಕಾಲದ ಗಾಳಿಯಲ್ಲಿ ಈ ಹತ್ತು ಲಕ್ಷ ಕಾಳಿನೊಳಗೆ ಇಂಗಾಲಾಮ್ಲದ ಕಾಳು ಸುಮಾರು 280 ಇದ್ದವು. ಅದು ಹೇಗೆ ಗೊತ್ತು ಅಂತ ಕೇಳಬಹುದು. ಭೂಮಿಯ ದಕ್ಷಿಣ ತುದಿಯಲ್ಲಿ ಸಾವಿರಾರು ವರ್ಷದ ಹಿಮ ಪದರ ಪದರವಾಗಿ ಕೂತಿದೆ. ಪ್ರತಿ ಪದರದಲ್ಲಿಯೂ ಆ ಕಾಲದ ಗಾಳಿ ಸಣ್ಣ ಗುಳ್ಳೆಯಾಗಿ ಸಿಕ್ಕಿಕೊಂಡಿದೆ. ವಿಜ್ಞಾನಿಗಳು ಹಿಮ ಕೊರೆದು ಆ ಗುಳ್ಳೆಯ ಗಾಳಿ ಅಳೆದಿದ್ದಾರೆ. 1958ರಿಂದ ಹವಾಯಿ ಅನ್ನುವ ದ್ವೀಪದ ಬೆಟ್ಟದ ಮೇಲೆ ಗಾಳಿಯನ್ನೇ ನೇರವಾಗಿ ಅಳೆಯುತ್ತಾ ಬಂದಿದ್ದಾರೆ. ಆಗ ಅದು 315 ಇತ್ತು. 2024ರಲ್ಲಿ 420ಕ್ಕಿಂತ ಮೇಲಿತ್ತು.

280ರಿಂದ 420. ಅರ್ಧದಷ್ಟು ಹೆಚ್ಚಾಯಿತು. ಹತ್ತು ಲಕ್ಷದಲ್ಲಿ 420 ಕಾಳು ಯಾವ ಲೆಕ್ಕ ಅನ್ನಬ್ಯಾಡ್ರಿ. ಒಂದು ಗಡಿಗಿ ಹಾಲಿಗೆ ಹೆಪ್ಪು ಎಷ್ಟು ಹಾಕುತ್ತೀರಿ? ಒಂದು ಚಮಚೆ. ಬೆಳಗಾಗುವುದರೊಳಗೆ ಗಡಿಗಿಯೆಲ್ಲ ಮೊಸರು. 2024ರಲ್ಲಿ ಇಡೀ ಭೂಮಿಯ ಸರಾಸರಿ ಬಿಸಿ ನೂರೈವತ್ತು ವರ್ಷದ ಹಿಂದಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೇಲೆ ಹೋಯಿತು. ನಮ್ಮ ರಾಯಚೂರಿಗೆ 40 ಡಿಗ್ರಿ ಹೊಸದಲ್ಲ, ಒಂದೂವರೆ ಯಾಕೆ ದೊಡ್ಡದು ಅನಿಸಬಹುದು. ಮೈಗೆ ಜ್ವರ ಬಂದರೂ ಹೆಚ್ಚುವುದು ಒಂದೆರಡು ಡಿಗ್ರಿಯೇ ಅಲ್ಲವೇ?

ಈಗ ನಮ್ಮ ಜಿಲ್ಲೆಗೆ ಬರೋಣ.

1985ಕ್ಕೆ ಮೊದಲು ಕರ್ನಾಟಕದ ಕರೆಂಟು ಬಹುಪಾಲು ಶರಾವತಿಯಂಥ ಹೊಳೆಗಳ ನೀರಿನಿಂದ ಬರುತ್ತಿತ್ತು. ಮಳೆ ಕೈ ಕೊಟ್ಟರೆ ಕರೆಂಟೂ ಕೈ ಕೊಡುತ್ತಿತ್ತು. 1985ರಲ್ಲಿ ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಮೊದಲ ಘಟಕ ಶುರುವಾಯಿತು. 2010ರ ಹೊತ್ತಿಗೆ ಘಟಕಗಳು ಎಂಟಾದವು. ಎಂಟೂ ಸೇರಿ 1,720 ಮೆಗಾವಾಟ್. ರಾಯಚೂರಿನ ಹತ್ತಿರ ಯರಮರಸ್‌ನಲ್ಲಿ ಇನ್ನೂ ಎರಡು ದೊಡ್ಡ ಘಟಕ ಆದವು, ಒಂದೊಂದು 800 ಮೆಗಾವಾಟ್. ಬೆಂಗಳೂರಿನ ದೀಪಕ್ಕೂ ನಮ್ಮ ಜಿಲ್ಲೆಯ ಕಲ್ಲಿದ್ದಲು ಬೆಂಕಿ ಬೇಕಾಯಿತು.

ಮೆಗಾವಾಟ್ ಅಂದರೇನು? ಒಂದು ಮೆಗಾವಾಟ್ ಒಂದು ತಾಸು ಓಡಿದರೆ 1,000 ಯೂನಿಟ್ ಕರೆಂಟು. ನಿಮ್ಮ ಕರೆಂಟು ಬಿಲ್ಲಿನಲ್ಲಿ ಬರೆದಿರುತ್ತಾರಲ್ಲ, ಅದೇ ಯೂನಿಟ್. ಶಕ್ತಿನಗರದ ಎಂಟೂ ಘಟಕ ಪೂರಾ ಓಡಿದರೆ ಒಂದು ತಾಸಿಗೆ 17 ಲಕ್ಷ 20 ಸಾವಿರ ಯೂನಿಟ್. ಅದನ್ನು 24ರಿಂದ ಗುಣಿಸಿ. 4 ಕೋಟಿ 12 ಲಕ್ಷ 80 ಸಾವಿರ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ. ಅದಕ್ಕೇ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ 650 ಗ್ರಾಂ ಕಲ್ಲಿದ್ದಲು ಬೇಕು. ಆ ಲೆಕ್ಕದಲ್ಲಿ ದಿನಕ್ಕೆ ಸುಮಾರು 27 ಸಾವಿರ ಟನ್. ಆರೇಳು ಗೂಡ್ಸ್ ರೈಲು ಆಗುತ್ತದೆ. ಎಂಟೂ ಘಟಕ ದಿನಾ ಓಡುವುದಿಲ್ಲ ಅನ್ನುವುದು ನಿಜ. ಮಳೆ ಚೆನ್ನಾಗಿ ಆದಾಗ, ಬಿಸಿಲು ಗಾಳಿಯ ಕರೆಂಟು ಸಿಕ್ಕಾಗ ಕೆಲವನ್ನು ನಿಲ್ಲಿಸುತ್ತಾರೆ.

ಹೊಗೆ ಎಷ್ಟು? ಒಂದು ಯೂನಿಟ್ಟಿಗೆ ಒಂದು ಕಿಲೋ ಆಸುಪಾಸು. 650 ಗ್ರಾಂ ಸುಟ್ಟರೆ ಒಂದು ಕಿಲೋ ಹೊಗೆ ಹೆಂಗ ಬಂತು ಅಂತ ಯಾರಾದರೂ ಕೇಳಬೇಕು. ಕೇಳುವ ಪ್ರಶ್ನೆಯೇ. ಇದ್ದಲು ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ. 12 ಕಿಲೋ ಶುದ್ಧ ಇದ್ದಲು 32 ಕಿಲೋ ಆಮ್ಲಜನಕ ಎಳೆದುಕೊಳ್ಳುತ್ತದೆ. ಕೂಡಿಸಿದರೆ 44 ಕಿಲೋ. ಹೀಗಾಗಿ ಸುಟ್ಟಿದ್ದಕ್ಕಿಂತ ಹೊಗೆಯ ತೂಕವೇ ಹೆಚ್ಚು.

ಇನ್ನು ನಿಮ್ಮ ಮನೆಯ ಬಿಲ್ಲು. 2023ರಲ್ಲಿ ಗೃಹಜ್ಯೋತಿ ಬಂತು. ಬಹಳ ಮನೆಗಳಿಗೆ ಜೆಸ್ಕಾಂ ಬಿಲ್ಲು ಸೊನ್ನೆ ಬಂತು. ಬಡವರ ಮನೆಯಲ್ಲಿ ದೀಪ ಉರಿಯಿತು, ಫ್ಯಾನು ತಿರುಗಿತು. ಅದು ಒಳ್ಳೆಯದೇ. ಆದರೆ ರೂಪಾಯಿಯ ಸಾಲಿನಲ್ಲಿ ಸೊನ್ನೆ ಇದ್ದರೂ ಯೂನಿಟ್ಟಿನ ಸಾಲಿನಲ್ಲಿ ಸೊನ್ನೆ ಇರುವುದಿಲ್ಲ. ಆ ಸಾಲನ್ನು ಓದಿರಿ. ತಿಂಗಳಿಗೆ 50 ಯೂನಿಟ್ ಆದರೆ ವರ್ಷಕ್ಕೆ 600. ಎಲ್ಲಾ ಕಲ್ಲಿದ್ದಲು ಕರೆಂಟು ಅಂತ ಹಿಡಿದರೆ 600 ಕಿಲೋ ಹೊಗೆ. ಹೊಲದ 5 ಎಚ್‌ಪಿ ಮೋಟ್ರು ತಾಸಿಗೆ ಸುಮಾರು 4 ಯೂನಿಟ್ ತಿನ್ನುತ್ತದೆ. 7 ತಾಸು ಓಡಿದರೆ 28 ಯೂನಿಟ್. 18 ಕಿಲೋ ಕಲ್ಲಿದ್ದಲು.

ಹಾಗಾದರೆ ಭೂಮಿ ಕಾಯಿಸಿದವರು ನಾವೇ ಏನು? ಇಲ್ಲಿ ಭಾಗಾಕಾರ ಬೇಕು. ಇಡೀ ಜಗತ್ತಿನಲ್ಲಿ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲಾಮ್ಲ ಬಿಡುತ್ತಾರೆ. ಜಗತ್ತಿನ ಜನ 800 ಕೋಟಿಗಿಂತ ಸ್ವಲ್ಪ ಹೆಚ್ಚು. ತಲೆಗೆ ನಾಲ್ಕೂವರೆ ಟನ್ ಆಸುಪಾಸು ಬಂತು. ಭಾರತದಲ್ಲಿ ತಲೆಗೆ ಸುಮಾರು 2 ಟನ್. ಚೀನಾದಲ್ಲಿ 8 ಟನ್ ದಾಟಿದೆ. ಅಮೆರಿಕಾದಲ್ಲಿ 14 ಟನ್ ಆಸುಪಾಸು. ದೇಶದ ಒಟ್ಟು ಲೆಕ್ಕ ಹಿಡಿದರೆ ಚೀನಾ ಮೊದಲು, ಅಮೆರಿಕಾ ಎರಡು, ಭಾರತ ಮೂರು. ತಲೆ ಲೆಕ್ಕ ಹಿಡಿದರೆ ನಾವು ಬಹಳ ಕೆಳಗೆ. ದೊಡ್ಡವರ ಸಭೆಗಳಲ್ಲಿ ಒಬ್ಬರು ಒಟ್ಟು ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ತಲೆ ಲೆಕ್ಕ ಹೇಳುತ್ತಾರೆ. ಯಾವ ಲೆಕ್ಕದಿಂದ ಯಾರಿಗೆ ಅನುಕೂಲ ಅಂತ ನೋಡಿಕೊಳ್ಳಬೇಕು. ನಮ್ಮ ದೇಶದೊಳಗೂ ಹಾಗೇ. ನಾಲ್ಕು ಎಸಿ ಇರುವ ಮನೆಯವರ 2 ಟನ್ ಮತ್ತು ಕೂಲಿ ಮಾಡುವ ಅಕ್ಕನ 2 ಟನ್ ಒಂದೇ ಅಲ್ಲ. ಸರಾಸರಿ ಅನ್ನುವುದು ಇದನ್ನು ಮುಚ್ಚಿಬಿಡುತ್ತದೆ.

ಇಷ್ಟು ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಯಾಕೆಂದರೆ ನಮ್ಮ ಗದ್ದೆಯಲ್ಲೂ ಒಂದು ಅನಿಲ ಹುಟ್ಟುತ್ತದೆ. ನೀವು ಗೋಬರ್ ಗ್ಯಾಸ್ ನೋಡಿದ್ದೀರಿ. ಸಗಣಿ ನೀರು ಕಲಸಿ ಗುಂಡಿಯಲ್ಲಿ ಮುಚ್ಚಿಟ್ಟರೆ ಗಾಳಿ ಸಿಗದೆ ಕೊಳೆತು ಗ್ಯಾಸು ಬರುತ್ತದೆ. ಆ ಗ್ಯಾಸಿನಲ್ಲಿ ಉರಿಯುವ ವಸ್ತುವಿನ ಹೆಸರು ಮೀಥೇನ್. ಭತ್ತದ ಗದ್ದೆಯಲ್ಲಿ ಮೂರು ನಾಲ್ಕು ತಿಂಗಳು ನೀರು ನಿಂತರೆ ಅದೇ ಗುಂಡಿಯ ಹಾಗಾಗುತ್ತದೆ. ಕೆಸರಿನೊಳಗೆ ಗಾಳಿ ಇಲ್ಲ. ಹಳೇ ಬೇರು, ಕೂಳೆ, ಗೊಬ್ಬರ ಕೊಳೆಯುತ್ತವೆ. ಮೀಥೇನ್ ಹುಟ್ಟಿ ಭತ್ತದ ದಂಟಿನೊಳಗಿಂದಲೇ ಮೇಲಕ್ಕೆ ಹೋಗುತ್ತದೆ. ಕಾಲಿಟ್ಟಾಗ ಕೆಸರಿನಿಂದ ಬುಳುಬುಳು ಗುಳ್ಳೆ ಏಳುತ್ತವಲ್ಲ, ಅದರಲ್ಲೂ ಇದೇ ಇರುತ್ತದೆ. ಒಂದು ಕಿಲೋ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ 28 ಕಿಲೋ ಇಂಗಾಲಾಮ್ಲದಷ್ಟು ಬಿಸಿ ಹಿಡಿಯುತ್ತದೆ.

ಸರಕಾರದ ಲೆಕ್ಕದಲ್ಲಿ ಸದಾ ನೀರು ನಿಂತ ಗದ್ದೆಗೆ ಒಂದು ಬೆಳೆಗೆ ಹೆಕ್ಟೇರಿಗೆ 162 ಕಿಲೋ ಮೀಥೇನ್ ಹಿಡಿಯುತ್ತಾರೆ. ಎಕರೆಗೆ 65 ಕಿಲೋ ಆಯಿತು. 28ರಿಂದ ಗುಣಿಸಿ. 1,820. ಅಂದರೆ ಒಂದು ಎಕರೆ ಭತ್ತ, ಒಂದು ಬೆಳೆಗೆ, ಆಗಲೇ ಹೇಳಿದ 50 ಯೂನಿಟ್ಟಿನ ಮೂರು ಮನೆಗಳ ಇಡೀ ವರ್ಷದ ಕರೆಂಟಿನ ಹೊಗೆಯಷ್ಟು. ಜಗತ್ತಿನಲ್ಲಿ ಮನುಷ್ಯರಿಂದ ಬರುವ ಮೀಥೇನಿನಲ್ಲಿ ನೂರಕ್ಕೆ 8 ಪಾಲು ಭತ್ತದ್ದು. ದನ ಕುರಿಗಳದ್ದು ಮೂರನೇ ಒಂದು ಪಾಲಿನಷ್ಟು. ಕಲ್ಲಿದ್ದಲು ಗಣಿ, ಎಣ್ಣೆ ಬಾವಿ, ಗ್ಯಾಸ್ ಪೈಪುಗಳಿಂದ ಸೋರುವುದು ಅದಕ್ಕಿಂತ ಸ್ವಲ್ಪ ಹೆಚ್ಚು. ಪೈಪಿನ ಸೋರಿಕೆ ನಿಲ್ಲಿಸಿದರೆ ಯಾರ ಊಟವೂ ತಪ್ಪುವುದಿಲ್ಲ. ಮೊದಲು ನಿಲ್ಲಿಸಬೇಕಾದದ್ದು ಅದು ಅಂತ ನಮ್ಮ ಅಭಿಪ್ರಾಯ. ಅನ್ನದ ಮಾತು ಆಮೇಲೆ.

ಆದರೂ ನಮ್ಮ ತಾಲ್ಲೂಕಿನಲ್ಲಿ ಅನ್ನದ ಮಾತು ಯಾಕೆ ಎತ್ತುತ್ತೇವೆ? ನೀರಿಗಾಗಿ.

ತುಂಗಭದ್ರಾ ಆಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುತ್ತದೆ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆ ಬರುತ್ತದೆ. ಕಾಲುವೆ ಮಾಡಿದಾಗ ಇದ್ದ ಯೋಜನೆ ಬೇರೆ. ಬರದ ನಾಡು, ಎಲ್ಲರಿಗೂ ಸ್ವಲ್ಪ ಸ್ವಲ್ಪ ನೀರು ಸಿಗಲಿ. ಜೋಳ, ಹತ್ತಿ, ಶೇಂಗಾ ಬೆಳೆಯಲಿ. ಭತ್ತ ಕೆಲವೇ ಜಮೀನಿಗೆ. ಆದದ್ದು ಬೇರೆ. ಭತ್ತಕ್ಕೆ ಎಕರೆಗೆ ಬರುವ ಚೀಲ ಹೆಚ್ಚು, ಮಿಲ್ಲು ಹತ್ತಿರ, ಕೊಳ್ಳುವವರು ಮನೆಬಾಗಿಲಿಗೆ ಬರ್ತಾರೆ. ಕಾಲುವೆಯ ಮೇಲಿನ ಭಾಗದವರು ಭತ್ತ ಹಿಡಿದರು. ಸೋನಾ ಮಸೂರಿಯ ಹೆಸರು ದೂರ ಹೋಯಿತು. ಕೊನೆ ಭಾಗದವರಿಗೆ ನೀರು ಬರುವುದು ತಡವಾಯಿತು, ಕಡಿಮೆಯಾಯಿತು. ಇದರಲ್ಲಿ ರೈತನದು ಆಸೆ ಅಂತ ಬೈಯುವುದು ಸುಲಭ. 2024-25ರಲ್ಲಿ ಸರಕಾರ ಸಾಧಾರಣ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ, ಮಾಲದಂಡಿ ಜೋಳಕ್ಕೆ 3,421 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಕಾಗದದ ಮೇಲೆ ಜೋಳದ ಬೆಲೆ ದೊಡ್ಡದು. ಆದರೆ ಜೋಳ ಎಕರೆಗೆ ಭತ್ತದಷ್ಟು ಇಳಿಯುವುದಿಲ್ಲ. ಮನೆ ನಡೆಸುವವನು ಎರಡೂ ಅಂಕಿಯನ್ನು ಗುಣಿಸಿಯೇ ನೋಡುತ್ತಾನೆ.

ಆಣೆಕಟ್ಟಿನ ಹೊಟ್ಟೆಯೂ ಸಣ್ಣದಾಗಿದೆ. ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105. 2023ರಲ್ಲಿ ಮಳೆ ಹೋಯಿತು. ರಾಜ್ಯದಲ್ಲಿ 200ಕ್ಕಿಂತ ಹೆಚ್ಚು ತಾಲ್ಲೂಕು ಬರ ಅಂತ ಸಾರಿದರು. ಎರಡನೇ ಬೆಳೆಗೆ ಕಾಲುವೆ ನೀರು ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಆಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರ ಎಲ್ಲರ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಕಡೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂದ ಹೊಳೆ ನೆನಪಿದೆಯಲ್ಲ? ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ಇದೇ ಬರ, ಇದೇ ನೆರೆ ಹೊಗೆಯಿಂದಲೇ ಆಯಿತು ಅಂತ ಬೆರಳಿಟ್ಟು ಹೇಳುವುದು ಕಷ್ಟ. ಮೊದಲೂ ಬರ ಇತ್ತು, ನೆರೆ ಇತ್ತು. ಆದರೆ ಗಾಳಿ ಒಂದು ಡಿಗ್ರಿ ಕಾದರೆ ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹೊರುತ್ತದೆ. ಹೊತ್ತದ್ದನ್ನು ಒಮ್ಮೆಲೆ ಸುರಿಯುತ್ತದೆ. ಇದು ಗಟ್ಟಿ ಲೆಕ್ಕ. ಇನ್ನೊಂದು ಗಟ್ಟಿ ಲೆಕ್ಕ: ಭತ್ತ ಹೂವಾಡುವ ಹೊತ್ತಿನಲ್ಲಿ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಕಟ್ಟುವುದು ಕಡಿಮೆಯಾಗಿ ಜೊಳ್ಳು ಹೆಚ್ಚುತ್ತದೆ. ಬ್ಯಾಸಗಿ ಬೆಳೆ ಇಡುವವರಿಗೆ ಇದು ಗೊತ್ತು.

ಈಗ ಎರಡು ಲೆಕ್ಕವನ್ನೂ ಪಕ್ಕ ಪಕ್ಕ ಇಡೋಣ. ಮೇಲಿನ ಗದ್ದೆಯಲ್ಲಿ ನೂರು ದಿನ ನಿಂತ ನೀರೇ ಮೀಥೇನ್ ಹುಟ್ಟಿಸುತ್ತದೆ. ಅದೇ ನೀರು ಕೊನೆ ಗದ್ದೆಗೆ ಇಲ್ಲ. ಹೊಳೆ ದಂಡೆಯಲ್ಲಿ ಮೋಟ್ರು ಇಟ್ಟು ಎತ್ತುವವರಿಗೆ ಅದೇ ನೀರು ಕಲ್ಲಿದ್ದಲು ಕೂಡ.

ಹಾಗಾದರೆ ನೀರು ಸದಾ ನಿಲ್ಲಲೇಬೇಕೇ? ಬೇಕಾಗಿಲ್ಲ. ಒಮ್ಮೆ ನೀರು ಕೊಟ್ಟು, ಆರಲು ಬಿಟ್ಟು, ಮತ್ತೆ ಕೊಡುವ ಪದ್ಧತಿ ಇದೆ. ಫಿಲಿಪೈನ್ಸ್ ದೇಶದ ಭತ್ತ ಸಂಶೋಧನಾ ಸಂಸ್ಥೆಯವರು ಇದಕ್ಕೆ ಒಂದು ಸುಲಭ ಉಪಾಯ ಮಾಡಿದ್ದಾರೆ. ಅಂಗೈ ಅಗಲದ, ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪಿನ ತುಂಡು. ಕೆಳಗಿನ ಅರ್ಧಕ್ಕೆ ತೂತು ಹೊಡೆಯಿರಿ. ಆ ಅರ್ಧವನ್ನು ಗದ್ದೆಯಲ್ಲಿ ಹೂತು ಒಳಗಿನ ಮಣ್ಣು ತೆಗೆಯಿರಿ. ಒಳಗೆ ಇಣುಕಿದರೆ ಮಣ್ಣಿನ ಕೆಳಗೆ ನೀರು ಎಲ್ಲಿದೆ ಅಂತ ಕಾಣುತ್ತದೆ. ಅರ್ಧ ಅಡಿ ಕೆಳಗೆ ಹೋಗುವವರೆಗೆ ಕಾಯಬಹುದು. ಆಮೇಲೆ ಎರಡು ಇಂಚು ನೀರು ಕೊಡಿ. ನಾಟಿ ಆದ ಮೊದಲ ಎರಡು ವಾರ ಕಳೆ ಬರದ ಹಾಗೆ ನೀರು ಇರಲಿ. ಹೂವಾಡುವಾಗಲೂ ಇರಲಿ. ಸರಿಯಾಗಿ ಮಾಡಿದರೆ ಇಳುವರಿ ಬೀಳುವುದಿಲ್ಲ. ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರಿನಲ್ಲಿ ನಾಲ್ಕನೇ ಒಂದು ಪಾಲಿನವರೆಗೆ ಉಳಿತಾಯ ಆಗಬಹುದು.

ಎಲ್ಲಾ ಕಡೆ ಇದು ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಎರೆ ಭೂಮಿ ಬಹಳ ಆರಿದರೆ ಬಿರುಕು ಬಿಡುತ್ತದೆ. ಆಮೇಲೆ ಕೊಟ್ಟ ನೀರೆಲ್ಲ ಬಿರುಕಿನಲ್ಲಿ ಹೋಗುತ್ತದೆ. ಆದ್ದರಿಂದ ಬಿರುಕು ಅಗಲವಾಗುವ ಮೊದಲೇ ನೀರು ಬೇಕು. ಸವಳು ಭೂಮಿಯಲ್ಲಿ ಆರಿಸಿದರೆ ಉಪ್ಪು ಮೇಲೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು ನಂಬಿಕೆಯದು. ನಾಳೆ ಕಾಲುವೆಯಲ್ಲಿ ನೀರು ಬರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ರೈತ ಇವತ್ತು ಗದ್ದೆ ಆರಿಸುತ್ತಾನೆ. ಖಾತ್ರಿ ಇಲ್ಲದವನು ಸಿಕ್ಕಾಗ ತುಂಬಿಸಿಕೊಳ್ಳುತ್ತಾನೆ. ಕೊನೆ ಭಾಗದವರು ನಗುತ್ತಾ ಹೇಳಬಹುದು, 'ನಮ್ಮ ಗದ್ದೆ ಹೇಳದೇ ಕೇಳದೇ ಆರ್ತೈತಿ, ನಮಗ್ಯಾಕ ಪೈಪು?' ಅಂತ. ಅದು ಖರೇನೇ.

ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವುದು ಇನ್ನೊಂದು ದಾರಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಇದನ್ನು ಹೇಳಿಕೊಡುತ್ತಾರೆ. ಕೆಸರು ಮಾಡುವ ನೀರು ಉಳಿಯುತ್ತದೆ, ಮೀಥೇನ್ ಕಡಿಮೆ. ಆದರೆ ನಾಟಿ ಇಲ್ಲ ಅಂದರೆ ನಾಟಿಯ ಕೂಲಿಯೂ ಇಲ್ಲ. ಇಲ್ಲಿ ಕುಳಿತ ಎಷ್ಟೋ ಅಕ್ಕಂದಿರು ಆ ಕೂಲಿ ನಂಬಿದವರು. ಹೊಗೆ ಉಳಿಸುವ ಲೆಕ್ಕ ಬರೆಯುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬ್ಯಾಡ್ರಿ. ಬಿತ್ತಿದ ಹೊಲದಲ್ಲಿ ಕಳೆ ಜಾಸ್ತಿ. ಔಷಧಿ ಹೊಡೆಯುವ ಬದಲು ಕಳೆ ತೆಗೆಯುವ ಕೆಲಸಕ್ಕೆ ಕೂಲಿ ಕೊಡಬೇಕು ಅಂತ ಕೇಳಲು ಜಾಗ ಇದೆ.

ಯೂರಿಯಾ ಬಗ್ಗೆ ಒಂದೇ ಮಾತು. ಹೆಚ್ಚಾಗಿ ಎರಚಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಅನ್ನುವ ಮೂರನೇ ಅನಿಲ ಏಳುತ್ತದೆ. ಒಂದು ಕಿಲೋ ಇಂಗಾಲಾಮ್ಲಕ್ಕಿಂತ ಅದರ ಒಂದು ಕಿಲೋ 273 ಪಟ್ಟು ಬಿಸಿ ಹಿಡಿಯುತ್ತದೆ. ಅಳತೆ ಮೀರಿ ಹಾಕಿದ ಚೀಲ ನಿಮ್ಮ ರೊಕ್ಕವನ್ನೂ ಗಾಳಿಗೆ ಹಾರಿಸುತ್ತದೆ.

ಕೊನೆಗೆ ಒಂದು ಕಾಗದದ ಮಾತು. ಈಗೀಗ ಕೆಲವು ಕಂಪನಿಗಳು ಹಳ್ಳಿಗೆ ಬರುತ್ತವೆ. 'ಗದ್ದೆ ಆರಿಸಿ ಭತ್ತ ಬೆಳೀರಿ, ಉಳಿದ ಹೊಗೆಗೆ ರೊಕ್ಕ ಕೊಡ್ತೀವಿ' ಅನ್ನುತ್ತವೆ. ಇದಕ್ಕೆ ಕಾರ್ಬನ್ ಕ್ರೆಡಿಟ್ ಅಂತ ಹೆಸರು. ಒಂದು ಟನ್ ಹೊಗೆ ಉಳಿಸಿದರೆ ಒಂದು ಕ್ರೆಡಿಟ್. ಎಲ್ಲೋ ಒಂದು ಕಾರ್ಖಾನೆ ತನ್ನ ಹೊಗೆ ನಿಲ್ಲಿಸುವ ಬದಲು ಅದನ್ನು ಕೊಳ್ಳುತ್ತದೆ. ಒಳ್ಳೆಯದೂ ಇರಬಹುದು, ಮೋಸವೂ ಇರಬಹುದು. ಚೀನಾದಲ್ಲಿ ಭತ್ತದ ಇಂಥ 37 ಯೋಜನೆಗಳ ಲೆಕ್ಕ ಸರಿ ಇಲ್ಲ ಅಂತ ಕ್ರೆಡಿಟ್ ನೋಂದಾಯಿಸುವ ಸಂಸ್ಥೆಯೇ 2024ರಲ್ಲಿ ಅವನ್ನು ತಳ್ಳಿಹಾಕಿತು.

ನಿಮ್ಮ ಲೆಕ್ಕ ನೀವೇ ಮಾಡಿರಿ. ಎಕರೆಗೆ 65 ಕಿಲೋ ಮೀಥೇನ್. ಅರ್ಧ ಉಳಿದರೆ 32 ಕಿಲೋ. 28ರಿಂದ ಗುಣಿಸಿದರೆ 896 ಕಿಲೋ. ಒಂದು ಟನ್ ಅಂದರೆ 1,000 ಕಿಲೋ. ಎಕರೆಗೆ, ಒಂದು ಬೆಳೆಗೆ, ಒಂದು ಪೂರಾ ಕ್ರೆಡಿಟ್ಟೂ ಆಗಲಿಲ್ಲ. ಯಾರಾದರೂ ಎಕರೆಗೆ ಐದು, ಹತ್ತು ಕ್ರೆಡಿಟ್ ಅಂದರೆ ಈ ಗುಣಾಕಾರ ಅವರ ಮುಂದೆಯೇ ಮಾಡಿ ತೋರಿಸಿ.

ಆಮೇಲೆ ಕಾಗದ ಓದಿರಿ. ಕರಾರು ಎಷ್ಟು ವರ್ಷ? ಮಾರಿದ ರೊಕ್ಕದಲ್ಲಿ ರೈತನಿಗೆ ಎಷ್ಟು ಪಾಲು, ಕಂಪನಿಗೆ ಎಷ್ಟು ಪಾಲು? ಅಳೆಯುವವರು ಯಾರು? ಒಂದು ವರ್ಷ ಕಾಲುವೆ ನೀರು ಬರದೆ ಬೆಳೆಯೇ ಇಡದಿದ್ದರೆ ದಂಡ ಇದೆಯೇ? ಗುತ್ತಿಗೆಗೆ ಹೊಲ ಮಾಡುವವನಿಗೆ ರೊಕ್ಕ ಬರುತ್ತದೆಯೋ, ಪಹಣಿಯಲ್ಲಿ ಹೆಸರಿರುವವನಿಗೋ? ಕಾಗದ ಇಂಗ್ಲಿಷಿನಲ್ಲಿ ಇದ್ದರೆ ಕನ್ನಡದಲ್ಲಿ ಕೊಡ್ರಿ ಅಂತ ಕೇಳಿರಿ. ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿರಿ. ಓದುವುದಕ್ಕೆ ಎರಡು ದಿನ ಬೇಕು ಅನ್ನಿರಿ. ಅಲ್ಲಿಯವರೆಗೆ ಸಹಿ ಬ್ಯಾಡ, ಹೆಬ್ಬೆಟ್ಟೂ ಬ್ಯಾಡ.